‘ನಿನ್ನೆ ತನಕಾ ಓಡ್ತಿತ್ರಿ ಸರ’: ಲೈಬ್ರರಿಗಳ ಜಗಳ ಬಿಡಿಸೋದು ಹೇಗೆ

ಏಪ್ರಿಲ್ ಬಂತೆಂದರೆ ಹುಬ್ಬಳ್ಳಿ ವಿದ್ಯಾನಗರದ ನಮ್ಮ ಪುಟ್ಟ ಖೋಲಿಗೆ ಲ್ಯಾಪ್‌ಟಾಪ್ ಬ್ಯಾಗ್ ಹೊತ್ತ ಹುಡುಗ ಹುಡುಗಿಯರು ಬರೋಕೆ ಶುರು. ಕೆಲವರು ಧಾರವಾಡದಿಂದ ಚಿಗರಿ ಬಸ್ಸಲ್ಲಿ ಬರುತ್ತಾರೆ, ಕೆಲವರು ಗದಗ, ಹಾವೇರಿಯಿಂದ ರೈಲಿಗೆ. ಪ್ರಾಜೆಕ್ಟ್ ಒಪ್ಪಿಸೋ ದಿನ ಎದುರಿಗೇ ಇರುತ್ತದೆ. ಎಲ್ಲರದ್ದೂ ಒಂದೇ ಮಾತು: ‘ನಿನ್ನೆ ತನಕಾ ಚಲೋ ಓಡ್ತಿತ್ರಿ ಸರ, ಇವತ್ತ ಓಡವಲ್ದು.’ ನಡುವೆ ಏನು ಮಾಡಿದಿ ಅಂತ ಕೇಳಿದರೆ, ‘ಏನೂ ಮಾಡಿಲ್ರಿ.’

ಅವರು ಸುಳ್ಳು ಹೇಳುತ್ತಿರುವುದಿಲ್ಲ. ಇನ್ನೊಂದು ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಹಾಕಿರುತ್ತಾರೆ, ಅದನ್ನು ಲೆಕ್ಕಕ್ಕೆ ಹಿಡಿದಿರುವುದಿಲ್ಲ ಅಷ್ಟೇ. ಆ ಇನ್ನೊಂದೇ ಹಳೆಯದರ ಕೆಳಗಿನ ಕಲ್ಲು ಎಳೆದಿರುತ್ತದೆ.

ಇಲ್ಲಿ ಬರೆದಿರೋದು ಹೆಚ್ಚಾಗಿ ಉಬುಂಟು ಅನ್ನೋ ಆಪರೇಟಿಂಗ್ ಸಿಸ್ಟಮ್ ಮತ್ತು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಬಗ್ಗೆ, ಯಾಕೆಂದರೆ ನನ್ನ ಮೇಜಿಗೆ ಬರೋದು ಅದೇ ಜಾಸ್ತಿ. ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ (ಕಮಾಂಡ್ ಹೊಡೆಯುವ ಕಿಟಕಿಯಲ್ಲಿ) ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿ, ಇಲ್ಲಾಂದ್ರೆ ಅದಕ್ಕೆ ತಿಳಿಯಲ್ಲ.

ಮೊದಲು ಕೈ ಕಟ್ಟಿ ಕೂರಿ

ಎರರ್ ಬಂದ ಕೂಡಲೇ ಎಲ್ಲರೂ ಮಾಡುವ ತಪ್ಪು ಒಂದೇ. ಎರರ್‌ನ ಸಾಲನ್ನು ಕಾಪಿ ಮಾಡಿ ಹುಡುಕುತ್ತಾರೆ, ಮೊದಲು ಸಿಕ್ಕ ಇನ್‌ಸ್ಟಾಲ್ ಕಮಾಂಡ್ ಹೊಡೆಯುತ್ತಾರೆ. ಅದು ಆಗಲಿಲ್ಲ ಅಂದರೆ ಎರಡನೆಯದು. ಮೂರನೆಯದಕ್ಕೆ ಮುಂದೆ ‘ಸುಡೊ’ (ಇಡೀ ಸಿಸ್ಟಮ್ ಬದಲಿಸುವ ಅಧಿಕಾರ) ಸೇರಿಸುತ್ತಾರೆ. ನಮ್ಮ ಹತ್ತಿರ ಬರುವ ಹೊತ್ತಿಗೆ ಒಂದು ಜಗಳದ ಜಾಗದಲ್ಲಿ ನಾಲ್ಕು ಆಗಿರುತ್ತವೆ.

ಓಣಿಯಲ್ಲಿ ಇಬ್ಬರು ಬಸವರಾಜ ಇದ್ದಾರೆ ಅಂದುಕೊಳ್ಳಿ. ಪೋಸ್ಟ್‌ಮ್ಯಾನ್ ‘ಬಸವರಾಜ’ ಅಂತ ಕೂಗಿದರೆ ಮೊದಲನೇ ಮನೆಯವನೇ ಹೊರಗೆ ಬರುತ್ತಾನೆ. ಪತ್ರ ಅವನಿಗೇ ಹೋಯಿತು. ಕಂಪ್ಯೂಟರ್ ಲೈಬ್ರರಿ ಹುಡುಕುವುದೂ ಹೀಗೇ. ಒಂದು ದಾರಿ ಹಿಡಿದು ಹೋಗುತ್ತದೆ, ಆ ಹೆಸರಿನ ಮೊದಲನೆಯದು ಸಿಕ್ಕಿದರೆ ಅದನ್ನೇ ಎತ್ತಿಕೊಳ್ಳುತ್ತದೆ. ಮುಂದಿನ ಮನೆಯಲ್ಲಿ ಸರಿಯಾದವನು ಕೂತಿದ್ದಾನಾ ಅಂತ ನೋಡುವುದಿಲ್ಲ. ಹಾಗಾಗಿ ಮೂರನೇ ಬಸವರಾಜನನ್ನು ತಂದು ಓಣಿಯಲ್ಲಿ ಇಡುವ ಮೊದಲು, ಈಗ ಬಾಗಿಲಿಗೆ ಬರುತ್ತಿರುವವನು ಯಾರು ಅಂತ ನೋಡಬೇಕು. ಕೆಳಗೆ ಹೇಳುವ ಪರೀಕ್ಷೆಗಳೆಲ್ಲ ಇದನ್ನೇ ಕೇಳುತ್ತವೆ.

ಮೆಣಸಿನಕಾಯಿ ದರದ ಪ್ರಾಜೆಕ್ಟ್

ಹಾವೇರಿ ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಬ್ಯಾಡಗಿ ಮಾರುಕಟ್ಟೆಯ ಮೆಣಸಿನಕಾಯಿ ದರದ ಹಳೇ ಲೆಕ್ಕ ಇಟ್ಟುಕೊಂಡು, ಮುಂದಿನ ವಾರದ ದರ ಅಂದಾಜು ಮಾಡುವ ಪ್ರಾಜೆಕ್ಟ್. ಉಬುಂಟು 22.04, ಪೈಥಾನ್ 3.10. ದರದ ಪಟ್ಟಿ ಓದೋಕೆ ಪಾಂಡಾಸ್ ಅನ್ನೋ ಲೈಬ್ರರಿ ಹಾಕಿದ್ದಳು. ಎರಡು ತಿಂಗಳು ಚೆನ್ನಾಗಿ ನಡೆಯಿತು. ಅಂದಾಜಿನ ಭಾಗ ಬರೆಯೋಕೆ ಸೈಕಿಟ್-ಲರ್ನ್ ಹಾಕಿದಳು. ಮಾರನೇ ದಿನ ಪಾಂಡಾಸೇ ತೆರೆಯಲಿಲ್ಲ.

‘ಪಾಂಡಾಸ್ ಮತ್ತ ಹಾಕಿದ್ಯಾ?’

‘ಮೂರ್ ಸಲ ಹಾಕಿದೆರಿ ಸರ. ಆಗಲೇ ಐತಿ ಅಂತ ಹೇಳತೈತಿ.’

‘ಎಲ್ಲಿ ಐತಿ ಅಂತ ಹೇಳ್ತು?’

ಅದನ್ನು ನೋಡಿರಲಿಲ್ಲ. ಪೈಥಾನ್ ಲೈಬ್ರರಿ ತಂದು ಹಾಕುವ ಪಿಪ್ ‘ರಿಕ್ವೈರ್‌ಮೆಂಟ್ ಆಲ್ರೆಡಿ ಸ್ಯಾಟಿಸ್ಫೈಡ್’ ಅಂತ ಹೇಳಿ ಸುಮ್ಮನಾಗುವುದಿಲ್ಲ. ಅದೇ ಸಾಲಿನಲ್ಲಿ ಫೋಲ್ಡರ್ ಹೆಸರನ್ನೂ ಆವೃತ್ತಿಯನ್ನೂ ಹೇಳುತ್ತದೆ. ಅವಳ ಪಾಂಡಾಸ್ ಇದ್ದದ್ದು ‘/ಯುಎಸ್ಆರ್/ಲಿಬ್/ಪೈಥಾನ್3/ಡಿಸ್ಟ್-ಪ್ಯಾಕೇಜಸ್’ ಒಳಗೆ, ಆವೃತ್ತಿ 1.3.5. ಡಿಸ್ಟ್-ಪ್ಯಾಕೇಜಸ್ ಅಂದರೆ ಆಪ್ಟ್ (ಉಬುಂಟುವಿನ ಇನ್‌ಸ್ಟಾಲ್ ಕಮಾಂಡ್) ಹಾಕಿದ್ದು, ಉಬುಂಟುವಿನ ಸ್ವಂತ ಸರಕು.

ಈಗ ಎರರ್. ಪೈಥಾನ್‌ನಲ್ಲಿ ಕೊನೇ ಸಾಲು ಮೊದಲು ಓದಿ. ಸಿ ಅಥವಾ ಸಿ++ ಕಂಪೈಲ್ ಮಾಡುವಾಗ (ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವಾಗ) ಉಲ್ಟಾ, ಮೊದಲನೇ ಎರರ್ ಓದಿ, ಉಳಿದ ನೂರು ಸಾಲು ಅದರ ಮರಿಗಳು. ಅವಳ ಕೊನೇ ಸಾಲು ಹೀಗಿತ್ತು: ‘ವ್ಯಾಲ್ಯೂಎರರ್: ನಂಪೈ.ಡಿಟೈಪ್ ಸೈಜ್ ಚೇಂಜ್ಡ್, ಮೇ ಇಂಡಿಕೇಟ್ ಬೈನರಿ ಇನ್‌ಕಂಪ್ಯಾಟಿಬಿಲಿಟಿ. ಎಕ್ಸ್‌ಪೆಕ್ಟೆಡ್ 96 ಫ್ರಮ್ ಸಿ ಹೆಡರ್, ಗಾಟ್ 88 ಫ್ರಮ್ ಪೈಆಬ್ಜೆಕ್ಟ್.’

ನೋಡೋಕೆ ಭಯಂಕರ, ಆದರೆ ಇಷ್ಟು ಸ್ಪಷ್ಟವಾಗಿ ಮಾತಾಡುವ ಎರರ್ ಕಡಿಮೆ. ಪಾಂಡಾಸ್‌ನ ಒಳಗಿನ ಒಂದಷ್ಟು ಭಾಗ ಮೊದಲೇ ಕಂಪೈಲ್ ಆಗಿ ಬಂದಿರುತ್ತದೆ. ಆಗ, ತಾನು ಆತುಕೊಂಡಿರುವ ನಂಪೈ ಅನ್ನೋ ಲೆಕ್ಕದ ಲೈಬ್ರರಿಯ ಒಂದು ರಚನೆಯ ಅಳತೆಯನ್ನು ಬರೆದಿಟ್ಟುಕೊಂಡಿರುತ್ತದೆ: 96 ಬೈಟ್. ಈಗ ಓಡಿಸುವಾಗ ಎದುರಿಗೆ ಬಂದ ನಂಪೈ ಅದೇ ರಚನೆಯನ್ನು 88 ಬೈಟ್‌ನಲ್ಲಿ ಕಟ್ಟಿದೆ. ಮನೆ ಕಟ್ಟುವಾಗ ಅಳತೆ ಕೊಟ್ಟು ಚೌಕಟ್ಟು ಕೂರಿಸಿ, ಆಮೇಲೆ ಬಾಗಿಲು ಬೇರೆ ಬಡಿಗೇರನ ಹತ್ತಿರ ಮಾಡಿಸಿದ ಹಾಗೆ. 96 ನಂಪೈ 1ರ ಸರಣಿಯ ಅಳತೆ, 88 ನಂಪೈ 2ರದ್ದು. ನಂಪೈ 2.0 ಬಂದದ್ದು 2024ರ ಜೂನ್‌ನಲ್ಲಿ. ಆ ವಾರ ಲೋಕದಲ್ಲಿ ಎಷ್ಟೋ ಜನರ ಪ್ರೋಗ್ರಾಂ ಇದೇ ಸಾಲು ಹೇಳಿ ಬಿದ್ದವು.

ಅವಳಿಗೆ ನಂಪೈ 2 ಎಲ್ಲಿಂದ ಬಂತು? ಪೈಥಾನ್ ತೆರೆದು ‘ಇಂಪೋರ್ಟ್ ನಂಪೈ’ ಅಂದೆವು. ಅದು ತೆರೆಯಿತು. ಆಮೇಲೆ ‘ಪ್ರಿಂಟ್(ನಂಪೈ.__ಫೈಲ್__)’. ಉತ್ತರ ಬಂದದ್ದು ಅವಳ ಹೋಮ್ ಫೋಲ್ಡರ್‌ನ ‘.ಲೋಕಲ್/ಲಿಬ್/ಪೈಥಾನ್3.10/ಸೈಟ್-ಪ್ಯಾಕೇಜಸ್’ ಒಳಗಿಂದ. ಅಲ್ಲಿಗೆ ಕಥೆ ಬಿಚ್ಚಿಕೊಂಡಿತು. 22.04ರಲ್ಲಿ ಸುಡೊ ಇಲ್ಲದೆ ಪಿಪ್ ಓಡಿಸಿದರೆ ಸರಕು ಈ ‘.ಲೋಕಲ್’ಗೆ ಬಂದು ಬೀಳುತ್ತದೆ. ಸೈಕಿಟ್-ಲರ್ನ್‌ಗೆ ಉಬುಂಟುವಿನ ನಂಪೈ 1.21.5 ಹಳೆಯದಾಯಿತು. ಪಿಪ್ ಹೊಸದನ್ನು ತಂದಿತು, ಹೊಸದು ಅಂದರೆ 2ರ ಸರಣಿ. ಪೈಥಾನ್ ಹುಡುಕುವ ದಾರಿಯಲ್ಲಿ ‘.ಲೋಕಲ್’ ಮೊದಲು, ‘ಡಿಸ್ಟ್-ಪ್ಯಾಕೇಜಸ್’ ಆಮೇಲೆ. ಪಾಂಡಾಸ್ ‘ನಂಪೈ’ ಅಂತ ಕೂಗಿತು, ಹತ್ತಿರದ ಮನೆಯವನು ಬಂದ.

ಅನುಮಾನ ಇದ್ದರೆ ಇಲ್ಲಿ ಒಂದು ಚೆಂದದ ಪರೀಕ್ಷೆ ಇದೆ. ‘ಪೈಥಾನ್3 -ಎಸ್’ ಅಂತ ಓಡಿಸಿ. ಎಸ್ ಸಣ್ಣಕ್ಷರ ಇರಲಿ. ಆ ಗುರುತು ಹಾಕಿದರೆ ಪೈಥಾನ್ ‘.ಲೋಕಲ್’ ಕಡೆ ತಲೆಯೇ ಹಾಕುವುದಿಲ್ಲ. ಒಳಗೆ ಹೋಗಿ ‘ಇಂಪೋರ್ಟ್ ಪಾಂಡಾಸ್’ ಅಂದೆವು. ಒಂದೂ ಮಾತಾಡದೆ ತೆರೆಯಿತು. ಹುಡುಗಿ ಕುರ್ಚಿ ಮುಂದೆ ಎಳೆದುಕೊಂಡಳು. ಏನನ್ನೂ ಹಾಕಿಲ್ಲ, ಏನನ್ನೂ ಅಳಿಸಿಲ್ಲ, ಕಳ್ಳ ಯಾವ ಫೋಲ್ಡರ್‌ನಲ್ಲಿ ಇದ್ದಾನೆ ಅಂತ ಗೊತ್ತಾಯಿತು.

ಪಿಪ್ ಯಾಕೆ ಎಚ್ಚರಿಸಲಿಲ್ಲ?

ಅವಳು ಕೇಳಿದ ಈ ಪ್ರಶ್ನೆ ಒಳ್ಳೆಯದು. ‘ಪಿಪ್ ಚೆಕ್’ ಅಂತ ಒಂದು ಕಮಾಂಡ್ ಇದೆ, ಯಾವುದಕ್ಕೆ ಯಾವುದು ಹೊಂದುತ್ತಿಲ್ಲ ಅಂತ ಹೇಳುತ್ತದೆ. ಓಡಿಸಿದೆವು. ಬೇರೆ ಯಾವುದೋ ಒಂದರ ಬಗ್ಗೆ ಗೊಣಗಿತು, ಪಾಂಡಾಸ್ ಬಗ್ಗೆ ಒಂದು ಮಾತೂ ಇಲ್ಲ.

ಕಾರಣ ಇಷ್ಟೇ. ಪಿಪ್ ಲೈಬ್ರರಿಯ ಒಳಗಿಳಿದು ನೋಡುವುದಿಲ್ಲ. ಲೈಬ್ರರಿ ಜೊತೆ ಬಂದ ಚೀಟಿ ಓದುತ್ತದೆ. ಪಾಂಡಾಸ್ 1.3.5 ಬಂದದ್ದು 2021ರ ಡಿಸೆಂಬರ್‌ನಲ್ಲಿ. ಅದರ ಚೀಟಿಯಲ್ಲಿ ‘ಇಷ್ಟಕ್ಕಿಂತ ಹಳೇ ನಂಪೈ ಬೇಡ’ ಅಂತ ಇದೆ. ‘ಇಷ್ಟಕ್ಕಿಂತ ಹೊಸದು ಬೇಡ’ ಅಂತ ಇಲ್ಲ. ಎರಡೂವರೆ ವರ್ಷ ಆದ ಮೇಲೆ ಬರುವ ನಂಪೈ ಅಳತೆ ಬದಲಿಸುತ್ತದೆ ಅಂತ ಬರೆದವರಿಗೆ ಹೇಗೆ ಗೊತ್ತಾಗಬೇಕು? ಚೀಟಿ ಪ್ರಕಾರ ಎಲ್ಲ ಸರಿ, ಪಿಪ್ ಪಾಸ್ ಮಾಡಿತು. ಹಾಗಾಗಿ ‘ಪಿಪ್ ಚೆಕ್’ ದೋಷ ತೋರಿಸಿದರೆ ನಂಬಿ. ದೋಷ ಇಲ್ಲ ಅಂದರೆ ಅರ್ಧ ಮಾತ್ರ ನಂಬಿ.

ಇನ್ನೊಂದು ಇದಕ್ಕೆ ಉಲ್ಟಾ. 2020ರ ನವೆಂಬರ್‌ನಲ್ಲಿ ಬಂದ ಪಿಪ್ 20.3ರಿಂದ ಹೊಂದಾಣಿಕೆ ಲೆಕ್ಕ ಹಾಕುವ ಭಾಗ ಬಿಗಿಯಾಗಿದೆ. ಒಂದೇ ಕಮಾಂಡ್‌ನಲ್ಲಿ ಕೇಳಿದ್ದು ಒಂದಕ್ಕೊಂದು ಹೊಂದದಿದ್ದರೆ ಹಾಕಲ್ಲ ಅನ್ನುತ್ತದೆ. ಆದರೆ ಮೊದಲೇ ಹಾಕಿದ್ದು ಹೊಸದರಿಂದ ಕೆಟ್ಟರೆ, ಕೆಂಪಕ್ಷರದಲ್ಲಿ ಒಂದು ಸಾಲು ಬರೆದು, ಕೆಳಗೆ ‘ಸಕ್ಸಸ್‌ಫುಲಿ ಇನ್‌ಸ್ಟಾಲ್ಡ್’ ಅಂತಲೂ ಬರೆಯುತ್ತದೆ. ಜನ ಕೆಳಗಿನದನ್ನು ಓದಿ ಚಹಾಕ್ಕೆ ಹೋಗುತ್ತಾರೆ.

ಸರಿ ಮಾಡಿದ್ದು

ತುರ್ತಿಗೆ ಒಂದು ದಾರಿ ಇತ್ತು: ‘ಪಿಪ್ ಇನ್‌ಸ್ಟಾಲ್ "ನಂಪೈ<2"’. ಆ ಉದ್ಧರಣ ಚಿಹ್ನೆ ಬಿಡಬೇಡಿ. ಬಿಟ್ಟರೆ ಶೆಲ್ (ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ಪ್ರೋಗ್ರಾಂ) ‘2’ ಅನ್ನೋ ಫೈಲ್ ಹುಡುಕಿ, ಅಂಥದ್ದಿಲ್ಲ ಅಂತ ಬೇರೆ ಎರರ್ ಕೊಡುತ್ತದೆ. ಹೊಸ ಎರರ್ ನೋಡಿ ಮತ್ತೆ ಗಾಬರಿ. ಇದರಿಂದ 96–88ರ ಜಗಳ ನಿಲ್ಲುತ್ತದೆ. ಆದರೆ ಅರ್ಧ ಸರಕು ಆಪ್ಟ್‌ನದು, ಅರ್ಧ ಪಿಪ್‌ನದು ಅನ್ನೋ ಕಲಬೆರಕೆ ಹಾಗೇ ಉಳಿಯುತ್ತದೆ. ನನಗೆ ಅದು ಇಷ್ಟವಿಲ್ಲ.

ಹಾಗಾಗಿ ‘.ಲೋಕಲ್’ನಲ್ಲಿ ಇದ್ದದ್ದನ್ನು ಮೊದಲು ಪಟ್ಟಿ ಮಾಡಿದೆವು, ‘ಪಿಪ್ ಲಿಸ್ಟ್ --ಯೂಸರ್’. ಬೇಡದ್ದನ್ನು ‘ಪಿಪ್ ಅನ್‌ಇನ್‌ಸ್ಟಾಲ್’ ಕೊಟ್ಟು ತೆಗೆದೆವು. ಫೋಲ್ಡರ್‌ಗೆ ಹೋಗಿ ಕೈಯಿಂದ ಅಳಿಸಬೇಡಿ, ಚೂರುಪಾರು ಉಳಿದು ಕಾಡುತ್ತವೆ. ಆಮೇಲೆ ಪ್ರಾಜೆಕ್ಟ್ ಫೋಲ್ಡರ್‌ನಲ್ಲಿ ‘ಪೈಥಾನ್3 -ಎಂ ವೆನ್ವ್ ಮನಿ’. ವೆನ್ವ್ ಅಂದರೆ ಒಂದು ಪ್ರಾಜೆಕ್ಟ್‌ಗೇ ಮೀಸಲಾದ ಬೇರೆ ಪೈಥಾನ್ ಮನೆ. ‘ಮನಿ’ ಅಂತ ಹೆಸರಿಟ್ಟದ್ದು ಅವಳೇ. ಉಬುಂಟುವಿನಲ್ಲಿ ಇದಕ್ಕೆ ‘ಪೈಥಾನ್3-ವೆನ್ವ್’ ಅನ್ನೋ ಪ್ಯಾಕೇಜ್ ಬೇರೆ ಹಾಕಬೇಕು, ಇಲ್ಲಾಂದ್ರೆ ಅದೇ ಬಾಯಿಬಿಟ್ಟು ಹೇಳುತ್ತದೆ. ‘ಸೋರ್ಸ್ ಮನಿ/ಬಿನ್/ಆಕ್ಟಿವೇಟ್’ ಅಂದ ಮೇಲೆ ಈ ಮನೆಗೆ ‘.ಲೋಕಲ್’ ಕಾಣಲ್ಲ, ಆಪ್ಟ್‌ನ ಸರಕೂ ಕಾಣಲ್ಲ.

ಒಳಗೆ ಪಾಂಡಾಸ್, ಸೈಕಿಟ್-ಲರ್ನ್, ಗ್ರಾಫ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಮೂರನ್ನೂ ಒಂದೇ ಸಾಲಿನಲ್ಲಿ ಕೇಳಿದೆವು. ಒಂದೊಂದಾಗಿ ಕೇಳಬೇಡಿ. ಒಟ್ಟಿಗೆ ಕೇಳಿದರೆ ಮೂರಕ್ಕೂ ಒಪ್ಪುವ ನಂಪೈ ಯಾವುದು ಅಂತ ಪಿಪ್ ತಾನೇ ಲೆಕ್ಕ ಹಾಕುತ್ತದೆ.

ಮತ್ತೆ ಡೌನ್‌ಲೋಡ್ ಮಾಡಬೇಕಲ್ವಾ, ಮೊಬೈಲ್ ಡೇಟಾ ಖಾಲಿ ಅಂತ ಹುಡುಗರು ಅಳುತ್ತಾರೆ. ಗೆಳೆಯನ ವೆನ್ವ್ ಫೋಲ್ಡರನ್ನೇ ಪೆನ್‌ಡ್ರೈವ್‌ನಲ್ಲಿ ತರುತ್ತಾರೆ. ಅದು ಓಡಲ್ಲ. ವೆನ್ವ್ ಒಳಗಿನ ಫೈಲ್‌ಗಳಲ್ಲಿ ಅವನ ಕಂಪ್ಯೂಟರ್‌ನ ಪೂರ್ತಿ ದಾರಿ ಬರೆದಿರುತ್ತದೆ. ತರುವುದಾದರೆ ಲೈಬ್ರರಿಯನ್ನು ಕಟ್ಟಿಟ್ಟ ವೀಲ್ ಫೈಲ್‌ಗಳನ್ನು ತನ್ನಿ. ಅವನ ಕಡೆ ‘ಪಿಪ್ ಡೌನ್‌ಲೋಡ್’, ನಿಮ್ಮ ಕಡೆ ‘--ನೋ-ಇಂಡೆಕ್ಸ್ --ಫೈಂಡ್-ಲಿಂಕ್ಸ್’ ಜೊತೆ ಇನ್‌ಸ್ಟಾಲ್. ಇಬ್ಬರದ್ದೂ ಒಂದೇ ಪೈಥಾನ್ ಆವೃತ್ತಿ, ಒಂದೇ ಆಪರೇಟಿಂಗ್ ಸಿಸ್ಟಮ್ ಇರಬೇಕು.

ಉಬುಂಟು 24.04 ಇದ್ದವರಿಗೆ ಈ ಕಥೆ ಆಗುವುದು ಕಡಿಮೆ. ಅಲ್ಲಿ ವೆನ್ವ್ ಇಲ್ಲದೆ ಪಿಪ್ ಓಡಿಸಿದರೆ ‘ಎಕ್ಸ್‌ಟರ್ನಲಿ ಮ್ಯಾನೇಜ್ಡ್ ಎನ್ವಿರಾನ್ಮೆಂಟ್’ ಅಂತ ಬಾಗಿಲಲ್ಲೇ ನಿಲ್ಲಿಸುತ್ತದೆ. ಅದನ್ನು ದಾಟೋಕೆ ‘--ಬ್ರೇಕ್-ಸಿಸ್ಟಮ್-ಪ್ಯಾಕೇಜಸ್’ ಅಂತ ಒಂದು ಗುರುತು ಇದೆ. ಸಿಸ್ಟಮ್ ಮುರಿ ಅಂತ ಹೆಸರಲ್ಲೇ ಬರೆದಿದ್ದರೂ ಜನ ಆರಾಮಾಗಿ ಪೇಸ್ಟ್ ಮಾಡುತ್ತಾರೆ. ಏನು ಹೇಳೋಣ.

ಟರ್ಮಿನಲ್‌ನಲ್ಲಿ ಓಡುತ್ತೆ, ಎಡಿಟರ್ ವಿಎಸ್ ಕೋಡ್‌ನಲ್ಲಿ ಓಡಲ್ಲ

ಇದಕ್ಕೆ ಲೈಬ್ರರಿ ಮುಟ್ಟಲೇಬೇಡಿ. ಎರಡೂ ಕಡೆ ‘ಇಂಪೋರ್ಟ್ ಸಿಸ್’, ಆಮೇಲೆ ‘ಪ್ರಿಂಟ್(ಸಿಸ್.ಎಕ್ಸಿಕ್ಯೂಟಬಲ್)’ ಓಡಿಸಿ. ಹತ್ತಕ್ಕೆ ಒಂಬತ್ತು ಸಲ ಎರಡು ಬೇರೆ ಪೈಥಾನ್ ಹೆಸರು ಬರುತ್ತದೆ. ಎಡಿಟರ್‌ನಲ್ಲಿ ಸರಿಯಾದ ಇಂಟರ್‌ಪ್ರಿಟರ್ (ಯಾವ ಪೈಥಾನ್ ಓಡಬೇಕು ಅನ್ನೋದು) ಆರಿಸಿದರೆ ಮುಗಿಯಿತು. ಜುಪಿಟರ್ ನೋಟ್‌ಬುಕ್ ಆದರೆ ಕರ್ನಲ್ (ಅದರ ಹಿಂದೆ ಓಡುವ ಪೈಥಾನ್) ಬದಲಿಸಿ. ಪಿಪ್ ಅನ್ನೂ ಬರೀ ‘ಪಿಪ್’ ಅಂತ ಕರೆಯುವ ಬದಲು ‘ಪೈಥಾನ್ -ಎಂ ಪಿಪ್’ ಅಂತ ಕರೆಯುವ ರೂಢಿ ಮಾಡಿಕೊಳ್ಳಿ. ಯಾವ ಪೈಥಾನ್‌ಗೆ ಹಾಕುತ್ತಿದ್ದೇವೆ ಅನ್ನೋ ಸಂಶಯ ಇರಲ್ಲ.

ಒಬ್ಬ ಹುಡುಗ ಅರ್ಧ ದಿನ ಕೂತಿದ್ದ, ನಂಪೈ ಇದೆ, ಆದರೆ ‘ಅರೇ’ ಇಲ್ಲ ಅನ್ನುತ್ತೆ ಅಂತ. ಅಭ್ಯಾಸಕ್ಕೆ ಬರೆದ ಫೈಲ್‌ಗೆ ‘ನಂಪೈ.ಪೈ’ ಅಂತ ಹೆಸರಿಟ್ಟಿದ್ದ. ಪೈಥಾನ್ ಮೊದಲು ನೋಡುವುದು ನಿಮ್ಮ ಫೈಲ್ ಇರುವ ಫೋಲ್ಡರನ್ನೇ. ಇದೂ ಬಸವರಾಜನ ಕಥೆಯೇ, ಈ ಸಲ ಅವನು ನಮ್ಮ ಮನೆಯಲ್ಲೇ ಇದ್ದ.

ಒಂದು ಹೆಜ್ಜೆ ಕೆಳಗೆ: ಸಿ ಲೈಬ್ರರಿಗಳು

ಗದಗಿನ ಹುಡುಗನೊಬ್ಬ ತಂದದ್ದು ಸಿ++ ಪ್ರೋಗ್ರಾಂ. ಎರರ್‌ನಲ್ಲಿ ಮೊದಲು ಮಿನಿಕಾಂಡಾ (ತನ್ನದೇ ಪೈಥಾನ್, ಲೈಬ್ರರಿ ಹೊತ್ತು ತರುವ ಸರಕು) ಫೋಲ್ಡರ್‌ನ ‘ಲಿಬ್‌ಎಸ್‌ಟಿಡಿಸಿ++’ ಹೆಸರು, ಆಮೇಲೆ ‘ಜಿಎಲ್ಐಬಿಸಿಎಕ್ಸ್ಎಕ್ಸ್ 3.4.30 ನಾಟ್ ಫೌಂಡ್’, ಕಂಸದಲ್ಲಿ ಯಾರಿಗೆ ಬೇಕಿತ್ತು ಅಂತ ಸಿಸ್ಟಮ್ ಲೈಬ್ರರಿಯೊಂದರ ಹೆಸರು. ಈ ಎರರ್‌ನಲ್ಲಿ ಎರಡು ದಾರಿ ಇರುತ್ತವೆ, ಎರಡನ್ನೂ ಓದಿ. ಮೊದಲನೆಯದು ಬಾಗಿಲಿಗೆ ಬಂದವನು, ಕಂಸದಲ್ಲಿರುವುದು ಕೂಗಿದವನು. ಸಿಸ್ಟಮ್‌ನ ಲೈಬ್ರರಿ ಕೂಗಿದರೆ ಮಿನಿಕಾಂಡಾದವನು ಯಾಕೆ ಬಂದ?

ಹೋಮ್ ಫೋಲ್ಡರ್‌ನ ‘.ಬ್ಯಾಶ್ಆರ್‌ಸಿ’ ಫೈಲ್ ತೆರೆದರೆ ಕೊನೆಯಲ್ಲಿ ‘ಎಲ್‌ಡಿ_ಲೈಬ್ರರಿ_ಪಾಥ್’ಗೆ ಮಿನಿಕಾಂಡಾದ ದಾರಿ ಸೇರಿಸಿದ ಸಾಲು. ಎಂದೋ ಒಂದು ವಿಡಿಯೋ ನೋಡಿ ಹಾಕಿದ್ದು. ಆ ಸಾಲು ಇದ್ದರೆ ಎಲ್ಲ ಪ್ರೋಗ್ರಾಂಗಳೂ ಮೊದಲು ಅಲ್ಲೇ ಹೋಗಿ ಹುಡುಕುತ್ತವೆ. ಪರೀಕ್ಷೆಗೆ ‘ಎನ್ವ್ -ಯು ಎಲ್‌ಡಿ_ಲೈಬ್ರರಿ_ಪಾಥ್’ ಮುಂದಿಟ್ಟು ಪ್ರೋಗ್ರಾಂ ಓಡಿಸಿದೆವು, ಓಡಿತು. ಸಾಲಿನ ಮುಂದೆ ಹ್ಯಾಶ್ ಹಾಕಿ ಹೊಸ ಟರ್ಮಿನಲ್ ತೆರೆದ, ಅಷ್ಟೇ ಕೆಲಸ. ಎರರ್ ಇಷ್ಟು ಬಾಯಿಬಿಡದಿದ್ದರೆ ‘ಎಲ್‌ಡಿಡಿ’ ಮುಂದೆ ಪ್ರೋಗ್ರಾಂ ಹೆಸರು ಕೊಡಿ, ಯಾವ ಲೈಬ್ರರಿ ಎಲ್ಲಿಂದ ಬರುತ್ತಿದೆ ಅಂತ ಪಟ್ಟಿ ಸಿಗುತ್ತದೆ.

ಮತ್ತೊಂದು ತಕರಾರು ಮನೆಯಲ್ಲಿ ಓಡಿದ್ದು ಲ್ಯಾಬ್‌ನಲ್ಲಿ ಓಡದಿರುವುದು. ಎರರ್ ‘ಜಿಎಲ್ಐಬಿಸಿ 2.34 ನಾಟ್ ಫೌಂಡ್’. ಮನೆಯದು ಉಬುಂಟು 24.04, ಅದರ ಜಿಲಿಬ್‌ಸಿ (ಎರರ್‌ನ ಜಿಎಲ್ಐಬಿಸಿ ಇದೇ, ಸಿಸ್ಟಮ್‌ನ ಮೂಲ ಸಿ ಲೈಬ್ರರಿ) 2.39. ಲ್ಯಾಬ್‌ನದು 20.04, ಅಲ್ಲಿ 2.31. ಹೊಸದರಲ್ಲಿ ಕಂಪೈಲ್ ಮಾಡಿದರೆ ‘ನಮಸ್ಕಾರ’ ಅಂತ ಪ್ರಿಂಟ್ ಮಾಡುವ ಪ್ರೋಗ್ರಾಂ ಕೂಡ 2.34 ಕೇಳುತ್ತದೆ, ಯಾಕೆಂದರೆ ಪ್ರೋಗ್ರಾಂ ಶುರು ಮಾಡುವ ಭಾಗವೇ ಆ ಆವೃತ್ತಿಯಲ್ಲಿ ಬದಲಾಗಿದೆ. ಲ್ಯಾಬ್‌ನ ಯಂತ್ರದಲ್ಲೇ ಮತ್ತೆ ಕಂಪೈಲ್ ಮಾಡಿ. ಜಿಲಿಬ್‌ಸಿಯನ್ನು ಕೈಯಿಂದ ಮೇಲೇರಿಸಲು ಹೋಗಬೇಡಿ. ಹೆಚ್ಚುಕಡಿಮೆ ಪ್ರತಿ ಪ್ರೋಗ್ರಾಂ ಅದರ ಮೇಲೇ ನಿಂತಿದೆ, ‘ಎಲ್‌ಎಸ್’ ಕೂಡ. ಒಂದರ ಹೆಸರಿಗೆ ಇನ್ನೊಂದನ್ನು ಲಿಂಕ್ ಮಾಡಿ ಏಮಾರಿಸುವುದೂ ಬೇಡ. ಎರರ್ ಹೋಗಬಹುದು, ಲೆಕ್ಕ ತಪ್ಪಾದರೆ ಯಾರಿಗೂ ಗೊತ್ತಾಗಲ್ಲ.

ಆಪ್ಟ್ ಹಟ ಹಿಡಿದರೆ

‘ಯು ಹ್ಯಾವ್ ಹೆಲ್ಡ್ ಬ್ರೋಕನ್ ಪ್ಯಾಕೇಜಸ್’ ಅನ್ನೋ ಸಾಲು ದಾರಿ ತಪ್ಪಿಸುತ್ತದೆ. ‘ಆಪ್ಟ್-ಮಾರ್ಕ್ ಶೋಹೋಲ್ಡ್’ ಓಡಿಸಿ ನೋಡಿ, ಎಷ್ಟೋ ಸಲ ಏನೂ ಹಿಡಿದಿಟ್ಟಿರುವುದಿಲ್ಲ. ಪಿಪಿಎ (ಉಬುಂಟುವಿನ ಹೊರಗಿನವರ ಪ್ಯಾಕೇಜ್ ಅಂಗಡಿ) ಒಂದು ಹೊಸ ಲೈಬ್ರರಿ ಕೊಟ್ಟಿರುತ್ತದೆ, ಉಬುಂಟುವಿನದು ಹಳೆಯದನ್ನೇ ಕೇಳುತ್ತಿರುತ್ತದೆ. ‘ಆಪ್ಟ್-ಕ್ಯಾಶ್ ಪಾಲಿಸಿ’ ಮುಂದೆ ಪ್ಯಾಕೇಜ್ ಹೆಸರು ಕೊಟ್ಟರೆ ಯಾವ ಆವೃತ್ತಿ ಯಾವ ಅಂಗಡಿಯದು ಅಂತ ತೋರಿಸುತ್ತದೆ. ಆ ಪಿಪಿಎಯನ್ನು ‘ಪಿಪಿಎ-ಪರ್ಜ್’ ಕೊಟ್ಟು ತೆಗೆದರೆ ಹಳೆಯದು ವಾಪಸ್ ಬರುತ್ತದೆ. ಏನು ಮಾಡುವ ಮೊದಲೂ ‘-ಎಸ್’ ಹಾಕಿ ಸುಮ್ನೆ ನಟಿಸಿ ತೋರಿಸು ಅನ್ನಿ. ತೆಗೆಯುವ ಪಟ್ಟಿಯಲ್ಲಿ ಡೆಸ್ಕ್‌ಟಾಪ್ ಹೆಸರು ಕಂಡರೆ ನಿಲ್ಲಿಸಿ.

‘/ಯುಎಸ್ಆರ್/ಬಿನ್/ಪೈಥಾನ್3’ ಲಿಂಕನ್ನು ಬೇರೆ ಪೈಥಾನ್‌ಗೆ ತಿರುಗಿಸುವವರಿದ್ದಾರೆ. 20.04ರಲ್ಲಿ ಅದು 3.8. ಅದನ್ನು 3.10ಕ್ಕೆ ತಿರುಗಿಸಿದ ಒಬ್ಬನಿಗೆ ಟರ್ಮಿನಲ್ಲೇ ತೆರೆಯಲಿಲ್ಲ. ಆಪ್ಟ್ ‘ಆಪ್ಟ್_ಪಿಕೆಜಿ ಇಲ್ಲ’ ಅಂತ ಕೂತಿತು. ಉಬುಂಟುವಿನ ಸ್ವಂತ ಕೆಲಸಗಾರರೂ ಅದೇ ಪೈಥಾನ್ ಬಳಸುತ್ತಾರೆ. ಕಂಟ್ರೋಲ್, ಆಲ್ಟ್, ಎಫ್3 ಒಟ್ಟಿಗೆ ಒತ್ತಿದರೆ ಕಪ್ಪು ಪರದೆ ಬರುತ್ತದೆ, ಅಲ್ಲಿ ಲಾಗಿನ್ ಆಗಿ ಲಿಂಕನ್ನು 3.8ಕ್ಕೇ ತಿರುಗಿಸಿ ಕಳಿಸಿದೆ.

ವಿಂಡೋಸ್‌ನವರಿಗೆ ಎರಡೇ ಮಾತು. ‘ವೇರ್ ಪೈಥಾನ್’ ಓಡಿಸಿ, ಪಟ್ಟಿಯಲ್ಲಿ ಮೊದಲು ಬಂದದ್ದೇ ಓಡುವುದು. ‘ವಿಂಡೋಸ್‌ಆಪ್ಸ್’ ಅಂತ ಮೊದಲು ಬಂದರೆ ಅದು ಸ್ಟೋರ್‌ನವರು ಇಟ್ಟದ್ದು. ‘ಡಿಎಲ್‌ಎಲ್ ಲೋಡ್ ಫೇಲ್ಡ್’ ಅಂದರೆ ಮೈಕ್ರೋಸಾಫ್ಟ್‌ನ ವಿಷುವಲ್ ಸಿ++ ರೀಡಿಸ್ಟ್ರಿಬ್ಯೂಟಬಲ್ ಇದೆಯಾ ನೋಡಿ.

ಹಾವೇರಿಯ ಹುಡುಗಿಗೆ ಹೊರಡುವ ಮೊದಲು ‘ಪಿಪ್ ಫ್ರೀಜ್’ ಮಾಡಿ, ಯಾವ ಲೈಬ್ರರಿಯ ಯಾವ ಆವೃತ್ತಿ ಅನ್ನೋ ಆ ಪಟ್ಟಿಯನ್ನು ಪ್ರಾಜೆಕ್ಟ್ ಜೊತೆಗೇ ಇಡಲು ಹೇಳಿದ್ದೆ. ಸೋಮವಾರ ಮಧ್ಯಾಹ್ನ ಮೆಸೇಜ್ ಬಂತು. ‘ಕಾಲೇಜ್‌ನ್ಯಾಗೂ ಓಡ್ತ್ರಿ ಸರ. ಆದ್ರ ಗ್ರಾಫ್‌ದಾಗ ಬ್ಯಾಡಗಿ ಅಂತ ಬರೋ ಕಡೆ ಬರೇ ಚೌಕ ಬರಾಕತ್ತಾವು. ಮತ್ತ ನಂಪೈ ತೆಗೀಲೇನ್ರಿ?’

‘ಬ್ಯಾಡ ತಂಗಿ’ ಅಂತ ಬರೆದೆ. ‘ಅದು ಫಾಂಟ್‌ದು. ನಂಪೈ ಮುಟ್ಟಬ್ಯಾಡ.’